ಗಿರಣಿಯ ಎಲೆ ಅಡಿಕೆ

ಶಿಕಾರಿಪುರದ ಅಕ್ಕಿ ಗಿರಣಿಯಲ್ಲಿ ಅಕ್ಕಿ ಕೇರಿ ನುಚ್ಚು ಬೇರೆ ಮಾಡುವುದು ನಮ್ಮ ಕೆಲಸ. ಆರು ಜನ ಹೆಂಗಸರಿದ್ದೆವು. ಆ ವರ್ಷ ನವರಾತ್ರಿಗೆ ಮುಂಚೆ ಸಾಹುಕಾರರು ಜರಡಿಯ ಯಂತ್ರ ತರಿಸಿದರು. ನಾವೆಲ್ಲ ದಿನವಿಡೀ ಕೂತು ಮಾಡುತ್ತಿದ್ದುದನ್ನು ಅದು ಊಟದ ಹೊತ್ತಿಗೆ ಮುಗಿಸಿ ಸುಮ್ಮನೆ ನಿಲ್ಲುತ್ತಿತ್ತು. ನಮ್ಮ ಗತಿಯೇನೆಂದು ಸಾಹುಕಾರರು ಬಾಯಿ ಬಿಡಲಿಲ್ಲ.

ಅವರು ಯಾರನ್ನೂ ಹೋಗು ಅಂದವರಲ್ಲ. ಆಯುಧಪೂಜೆಯ ದಿನ ಎಂಜಿನ್ನಿನ ಪೂಜೆಯಾದ ಮೇಲೆ ಕೆಲಸದವರಿಗೆ ಮಂಡಕ್ಕಿ, ಎಲೆ ಅಡಿಕೆ ಕೊಡುತ್ತಿದ್ದರು. ಎಲೆ ಅಡಿಕೆ ಸಿಕ್ಕಿತೋ, ಮುಂದಿನ ವರ್ಷವೂ ಕೆಲಸ ಇದೆ. ಬರೀ ಮಂಡಕ್ಕಿ ಸಿಕ್ಕಿತೋ, ತಿಂದುಕೊಂಡು ಮನೆಗೆ ಹೋಗಬೇಕು. ಅನುಮಾನ ಬಂದವರು ಎಲ್ಲರೆದುರು ಮಾನ ಹೋಗದಿರಲೆಂದು ಆ ದಿನ ಗಿರಣಿಯ ಕಡೆ ತಲೆಯೇ ಹಾಕುತ್ತಿರಲಿಲ್ಲ; ಅವರಾಗೇ ಬಿಟ್ಟರೆಂದು ಲೆಕ್ಕ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅದು ಸಾಹುಕಾರರ ಜಾಣತನ. ಜೊತೆಯ ಐವರೂ ಹೋಗುವುದು ಬೇಡ ಎಂದು ತೀರ್ಮಾನಿಸಿದರು.

ಹಬ್ಬದ ಬೆಳಿಗ್ಗೆ ಅಣ್ಣ ನನ್ನನ್ನು ಕರೆದೊಯ್ಯಲು ತವರೂರು ಹೊಸಬಾಳೆಯಿಂದ ಗಾಡಿ ಕಟ್ಟಿಕೊಂಡು ಬಂದ. ಗಂಡನ ಮನೆ ಬಿಟ್ಟು ಬಂದು, ಒಂದು ಕೋಣೆ ಹಿಡಿದು, ನನ್ನ ಅನ್ನ ನಾನೇ ದುಡಿದು ಉಣ್ಣುತ್ತಿದ್ದವಳು ನಾನು. ಗಾಡಿ ಹತ್ತಿದರೆ ಅತ್ತಿಗೆಯ ಕೈಕೆಳಗೆ ಸಂಬಳವಿಲ್ಲದ ಆಳು.

"ಅವರು ಬಿಡ್ಸೋಕಿಂತ ಮುಂಚೆ ನೀನೇ ಬಿಟ್ಟು ಬಾರೆ ಮಾರಾಯ್ತಿ. ಮಾನ ಉಳೀತದೆ," ಅಂದ ಅಣ್ಣ.

"ಯಾರ ಮಾನ? ನಂದಾ, ಸಾಹುಕಾರರದ್ದಾ?"

"ನಿನ್ನ ನಾಲಿಗೆಗೆ ಒಂದು ಮೂಗುದಾರ ಹಾಕ್ಬೇಕಿತ್ತು."

"ಹಾಕಕ್ಕೆ ಬಂದವ್ರನ್ನ ಬಿಟ್ಟೇ ಬಂದೀನಲ್ಲ!" ಎಂದು ತಲೆ ಬಾಚಿಕೊಂಡು ಹೊರಟೆ. ಹೆದರಿಕೆ ಇರಲಿಲ್ಲವೇ? ಜಡೆಯನ್ನು ಎರಡು ಸಲ ಬಿಚ್ಚಿ ಹೆಣೆಯಬೇಕಾಯಿತು.

ಗಿರಣಿಯಲ್ಲಿ ಪೂಜೆ ಮುಗಿದು ಕುಂಬಳಕಾಯಿ ಒಡೆದಿದ್ದರು. ಭತ್ತದ ವ್ಯಾಪಾರಿಗಳು, ಪುರೋಹಿತರು ಎಲ್ಲರೂ ಇದ್ದರು. ಸಾಲಿನಲ್ಲಿ ನನ್ನ ಸರದಿ ಬಂತು. ಸಾಹುಕಾರರು ನನ್ನ ಸೆರಗಿಗೆ ಮಂಡಕ್ಕಿ ಸುರಿದು ಪಕ್ಕದವನ ಕಡೆ ತಿರುಗಿದರು.

ನಾನು ಕದಲಲಿಲ್ಲ. "ಸಾಹುಕಾರ್ರೆ, ಎಲೆ ಅಡಿಕೆ?"

"ನಿಮ್ಮೋರು ಯಾರೂ ಬಂದಿಲ್ಲ. ನೀನ್ಯಾಕೆ ಬಂದಿ?"

"ನಾನೇನು ಕೆಲಸ ಬಿಟ್ಟಿಲ್ಲಲ್ರೀ. ನೀವು ಬಿಡ್ಸೋದಾದ್ರೆ ಇಲ್ಲೇ, ಇವರೆಲ್ಲರ ಮುಂದೆ, ಬಾಯಿ ಬಿಟ್ಟು ಹೇಳ್ರಿ. ಏನು ತಪ್ಪು ಮಾಡೀನಿ ಅಂತಾನೂ ಹೇಳ್ರಿ."

ಎಲ್ಲರೂ ಅವರ ಮುಖ ನೋಡಿದರು. ಹಬ್ಬದ ದಿನ, ಉರಿಯುವ ದೀಪದೆದುರು, ಒಂದು ಹೆಣ್ಣಿಗೆ ಹೋಗು ಅನ್ನಲು ಅವರಿಗೆ ನಾಲಿಗೆ ಏಳಲಿಲ್ಲ. ತಟ್ಟೆಯಿಂದ ಎರಡು ಎಲೆ, ಅಡಿಕೆ ತೆಗೆದು, "ತಗೊಂಡು ಬಾಯ್ಮುಚ್ಕೊಂಡು ಹೋಗು. ನಾಳೆಯಿಂದ ಕಣದಲ್ಲಿ ಭತ್ತ ಒಣಗಿಸು," ಅಂದರು.

"ಉಳಿದ ಐದು ಮಂದಿದೂ ಕೊಡ್ರಿ. ನಾ ಮುಟ್ಟಿಸ್ತೀನಿ."

"ಬೇಕಿದ್ದೋರು ಬರ್ತಿದ್ರು," ಅಂದು ತಟ್ಟೆ ಹಿಂದಕ್ಕೆ ಎಳೆದುಕೊಂಡರು.

ಅವರು ಮನಸ್ಸು ಬದಲಿಸಿ ಕಸಿದುಕೊಂಡಾರೆಂದು ನನ್ನ ಎಲೆ ಅಡಿಕೆಯನ್ನು ಅಲ್ಲೇ ಬಾಯಿಗೆ ಹಾಕಿ ಜಗಿದೆ. ಸುಣ್ಣವೂ ಇರಲಿಲ್ಲ. ಅಂಥ ರುಚಿಯ ಎಲೆ ಅಡಿಕೆ ಮತ್ತೆ ತಿಂದಿಲ್ಲ! ಅಣ್ಣ ಗಾಡಿ ಖಾಲಿ ಹೊಡೆದುಕೊಂಡು ಹೋದ.

ಸಂಜೆ ಐವರ ಮನೆಗೂ ಹೋಗಿ, ನಾಳೆ ಬಂದು ಕೇಳಿ ಎಂದು ಬೇಡಿಕೊಂಡೆ. "ನಮಗೂ ಮಾನ ಐತವ್ವ," ಅಂದರು. ಅವರ ಮೇಲಿನ ಸಿಟ್ಟು ನನಗೆ ಇನ್ನೂ ಆರಿಲ್ಲ.

ವಾರ ಕಳೆದಿರಬೇಕು. ಕಣದಲ್ಲಿ ಭತ್ತ ಹರಡುತ್ತಿದ್ದೆ. ಹಳೆಯ ಹೆಂಗಸರೆಲ್ಲಿ ಎಂದು ಸೊರಬದ ವ್ಯಾಪಾರಿಯೊಬ್ಬರು ಕೇಳಿದರು. "ಪಾಪ, ಅವರಾಗೇ ಬಿಟ್ಟು ಹೋದ್ರು," ಅಂದರು ಸಾಹುಕಾರರು.

"ಸುಳ್ಳು! ಇವರೇ ಬಿಡ್ಸಿದ್ದು," ಎಂದು ನಾನು ಕಣದಿಂದಲೇ ಕೂಗಿದೆ.

ಸಾಹುಕಾರರು ಕೇಳಿಸದವರಂತೆ ಒಳಗೆ ಹೋದರು. ಆಮೇಲೂ ಅವರು ಆ ಮಾತು ಆಡಿದಾಗಲೆಲ್ಲ ನಾನೂ ಕೂಗಿದೆ.