ವಾಲ್ವ್ ಯಾವುದು, ನಿಮಿಷ ಎಷ್ಟು

ನಮ್ಮ ಚಿಕ್ಕಮ್ಮ ಊರಿನ ನೀರು ಸರಬರಾಜು ಕಚೇರಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುತ್ತಿದ್ದಳು. ಪಕ್ಕದ ಕುರ್ಚಿಯವರನ್ನು ಎಲ್ಲರೂ ಮೊಟಕಪ್ಪ ಅನ್ನುತ್ತಿದ್ದರು. ಮಾತೂ ಮೊಟಕು, ಬರೆದ ಪ್ರೋಗ್ರಾಮೂ ಮೊಟಕು. ನೀರು ಬಿಡುವ ಮೆಥಡ್ಡಿಗೆ, ಅಂದರೆ ಪ್ರೋಗ್ರಾಮಿನಲ್ಲಿ ಆ ಒಂದು ಕೆಲಸ ಮಾಡುವ ತುಣುಕಿಗೆ, ಅವರಿಟ್ಟ ಹೆಸರು ಬರೀ ‘ಡು’. ಅದಕ್ಕೆ ಕೊಡಬೇಕಾದ ಎರಡು ಸಂಖ್ಯೆಗಳಿಗೆ ‘ಎ’, ‘ಬಿ’.

ಮೊಟಕಪ್ಪ ರಜೆಯಲ್ಲಿದ್ದ ಒಂದು ಬೆಳಿಗ್ಗೆ ಮೇಲಿನ ಬೀದಿಗೆ ನೀರು ಬಿಡುವ ಕೆಲಸ ಚಿಕ್ಕಮ್ಮನ ಪಾಲಿಗೆ ಬಂತು. ಐದನೆಯ ವಾಲ್ವ್, ಇಪ್ಪತ್ತು ನಿಮಿಷ ಎಂದುಕೊಂಡು ಐದು, ಇಪ್ಪತ್ತು ಎಂದು ಒತ್ತಿದಳು. ಆದರೆ ಮೊಟಕಪ್ಪನ ಲೆಕ್ಕದಲ್ಲಿ ನಿಮಿಷ ಮೊದಲು, ವಾಲ್ವ್ ಆಮೇಲೆ. ಕೆಳಗಿನ ಬೀದಿಯ ಇಪ್ಪತ್ತನೆಯ ವಾಲ್ವ್ ತೆರೆದುಕೊಂಡು, ತಿರುಗಿಸಿಯೇ ಬಿಟ್ಟಿದ್ದ ನಲ್ಲಿಯಿಂದ ನೀರು ಚಿಮ್ಮಿ, ಅಲ್ಲಿನ ಲಾಂಡ್ರಿಯವರು ಒಣಹಾಕಿದ್ದ ದುಪ್ಪಟಿಗಳೆಲ್ಲ ಎರಡನೇ ಸಲ ಒಗೆದಂತಾದವು. ಮೇಲಿನ ಬೀದಿಯವರು ಖಾಲಿ ಬಕೆಟ್ ಹಿಡಿದು ಕಚೇರಿಗೇ ಬಂದರು. ಬೈಸಿಕೊಂಡವಳು ಚಿಕ್ಕಮ್ಮ.

ಮೊಟಕಪ್ಪ ಮರಳಿದ ಕೂಡಲೇ ಕೇಳಿದಳು: “ಈ ‘ಎ’ ಅನ್ನೋರು ಯಾರು? ನಿಮ್ಮ ಸೋದರಮಾವನಾ?”

“ನನಗೆ ಗೊತ್ತಲ್ಲ.”

“ನೀವಿಲ್ಲದಾಗ ನಮಗೂ ಗೊತ್ತಾಗಬೇಕಲ್ಲ!”

ಅವರು ಮುಖ ಸಣ್ಣದು ಮಾಡಿಕೊಂಡು ಕುರ್ಚಿ ಎಳೆದು ಅವಳ ಪಕ್ಕಕ್ಕೆ ಕೂತರು. ಅಂದಿನಿಂದ ಮಧ್ಯಾಹ್ನಗಳೆಲ್ಲ ಹೆಸರಿಡುವುದರಲ್ಲೇ ಕಳೆದವು. ‘ಡು’ ಹೋಗಿ ‘ವಾಲ್ವ್ ತೆರೆ’ ಆಯಿತು. ‘ಎ’, ‘ಬಿ’ ಹೋಗಿ ‘ಎಷ್ಟು ನಿಮಿಷ’, ‘ವಾಲ್ವ್ ಸಂಖ್ಯೆ’ ಬಂದವು. ‘ಚೆಕ್’ ಎಂಬ ಮೆಥಡ್ಡು ನೀರಿನ ಒತ್ತಡ ನೋಡುವುದರ ಜೊತೆಗೆ ಸದ್ದಿಲ್ಲದೆ ವಾಲ್ವನ್ನೂ ಮುಚ್ಚುತ್ತಿತ್ತು. “ಮನೆ ನೋಡ್ಕೊಂಡು ಹೋಗ್ತೀನಿ ಅಂತ ಬಂದು ಬೀಗ ಹಾಕ್ಕೊಂಡು ಹೋದ ಹಾಗಾಯ್ತು!” ಎಂದು ಚಿಕ್ಕಮ್ಮ ಅದನ್ನು ಎರಡು ಮಾಡಿಸಿದಳು. ಕಿಟಕಿಯಾಚೆ ನೀರಿನ ಟ್ಯಾಂಕಿನ ನೆರಳು ಮೇಜಿನವರೆಗೆ ಬಂದರೂ ಇಬ್ಬರೂ ಏಳುತ್ತಿರಲಿಲ್ಲವಂತೆ.

ಒಂದು ಸಂಜೆ ಮೆಟ್ಟಿಲ ಬಳಿ ಅವರು ಕೇಳಿದರು, “ಆಗಬಹುದಾ?”

“ಏನು? ಯಾರ ಜೊತೆ?”

ಬೆವರು ಒರೆಸಿಕೊಂಡು ಬಿಡಿಸಿ ಹೇಳಿದರು: “ಮದುವೆ. ನೀವು, ನನ್ನ ಜೊತೆ.”

ಹೀಗೆ ಮೊಟಕಪ್ಪ ನಮಗೆ ಚಿಕ್ಕಪ್ಪನಾದರು. ಅವರು ತೀರಿಕೊಂಡು ಈಗ ಕೆಲವು ವರ್ಷಗಳಾದವು. ಹೋದ ತಿಂಗಳು ಆ ಕಚೇರಿಯ ಹೊಸ ಇಂಜಿನಿಯರ್ ಹುಡುಗಿ ಚಿಕ್ಕಮ್ಮನಿಗೆ ಫೋನ್ ಮಾಡಿದ್ದಳು. “ಹಳೇ ಪ್ರೋಗ್ರಾಂ ತೆಗೆದು ಹೊಸದು ಹಾಕ್ತಾ ಇದ್ದೀವಿ ಮೇಡಂ. ಓದೋಕೆ ಎಷ್ಟು ಸಲೀಸು! ಆದರೆ ಸರ್ ಕೊನೇಲಿ ಬರೆದ ಒಂದು ಮೆಥಡ್ ಹೆಸರು ನನ್ನ ಸ್ಕ್ರೀನೇ ದಾಟಿ ಹೋಗಿದೆ: ‘ಆಸ್ಪತ್ರೆ ರಸ್ತೆಗೆ ಮೊದಲು ನೀರು ಬಿಟ್ಟು ಆಮೇಲೆ ಉಳಿದ ಬೀದಿಗಳಿಗೆ ಬಿಡು’.”

ಚಿಕ್ಕಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಅಯ್ಯೋ, ಮಾತು ಕಲಿತ ಮೇಲೆ ಎಲ್ಲಿ ನಿಲ್ಲಿಸಬೇಕು ಅಂತಾನೇ ಗೊತ್ತಾಗಲಿಲ್ಲಮ್ಮ ಅವರಿಗೆ” ಎಂದವಳು, ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದಳು: “ಇನ್ನೊಂದ್ಸಲ ಓದಮ್ಮ.”