ಉಪ್ಪಿನಕಾಯಿ ಭರಣಿಯ ಮೇಲಿನ ಏಳಂಕಿಯ ಚೀಟಿ

ಈ ಅನ್ಯಾಯದ ಫಲವನ್ನು ಉಂಡವರು ಷೋರೂಮಿನವರಲ್ಲ, ಅವರಿಗೆ ಕಾರು ಕಳಿಸಿದ ಕಂಪನಿಯವರೂ ಅಲ್ಲ. ಅರುವತ್ತು ದಾಟಿದ ನನ್ನ ಅಕ್ಕ ವನಜಾಕ್ಷಿ ಮತ್ತು ಅವಳು ಕೊಂಡ ಹದಿನಾರು ನಿಂಬೆಹಣ್ಣುಗಳು. ನನಗೂ ಒಂದು ನೆಗಡಿ ಬಂತೆಂಬುದು ನಿಜ. ಆದರೆ ಹೋರಾಟಗಾರನಾದವನು ಸ್ವಂತ ನೆಗಡಿಯನ್ನು ಮುಂದೆ ಮಾಡಬಾರದು.

ಠಾಣೆಯ ನೌಪಾಡಾದಲ್ಲಿ, ತನ್ನ ಹೋಟೆಲಿನ ಮೇಲ್ಮಾಳಿಗೆಯಲ್ಲೇ ವಾಸಿಸುವ ಅಕ್ಕನ ಮನೆಗೆ ನೀವು ಊಟಕ್ಕೆ ಹೋದಿರೆಂದರೆ (ಹೋಗಿ, ಅವಳು ಯಾರನ್ನೂ ಬೇಡವೆನ್ನುವವಳಲ್ಲ) ಅನ್ನಕ್ಕಿಂತ ಮೊದಲು ನಿಮ್ಮ ಮುಂದೆ ಬಂದು ಕೂರುವುದು ಒಂದು ಗಾಜಿನ ಭರಣಿ. ಅದರ ಹೊಟ್ಟೆಯ ಮೇಲೆ ಅಂಗೈಯಗಲದ ಒಂದು ಚೀಟಿ ಅಂಟಿಕೊಂಡಿದೆ. ಎಂಟು ಸಿಲಿಂಡರ್, ಎರಡು ಬಾಗಿಲು, ಕೆಂಪು ಬಣ್ಣ ಎಂಬ ಲಕ್ಷಣಗಳ ಕೆಳಗೆ, ದಪ್ಪಕ್ಷರದಲ್ಲಿ, ಏಳು ಅಂಕಿಗಳ ಒಂದು ಬೆಲೆ. ಒಳಗಿರುವುದು ನಿಂಬೆಹಣ್ಣಿನ ಉಪ್ಪಿನಕಾಯಿ. ಮೈಸೂರಿನ ಕಡೆಯ ಬ್ಯಾಂಕ್ ಅಧಿಕಾರಿಯೊಬ್ಬರು ಒಮ್ಮೆ ಕನ್ನಡಕ ಏರಿಸಿಕೊಂಡು ಆ ಚೀಟಿಯನ್ನು ಆದ್ಯಂತ ಓದಿ, ಇನ್ನೊಂದು ಹೋಳಿನತ್ತ ಚಾಚಿದ್ದ ಚಮಚವನ್ನು ಗೌರವಪೂರ್ವಕವಾಗಿ ಹಿಂದಕ್ಕೆ ತೆಗೆದುಕೊಂಡರು. ಉಪ್ಪಿನಕಾಯಿಗೆ ಈ ಬೆಲೆ ಹೇಗೆ ಬಂತೆಂದು ಹೇಳುವುದು ನನ್ನ ಕರ್ತವ್ಯ. ಏಕೆಂದರೆ ಅದಕ್ಕೆ ಉಪ್ಪು ಹಾಕಿದವಳು ಅಕ್ಕನಾದರೂ ಹುಳಿ ಹಿಂಡಿದವನು ನಾನು.

ನಾನು ಕಲಿತ ಶಾಲೆಯಲ್ಲಿ ಬೆತ್ತವಿರಲಿಲ್ಲ, ಗಂಟೆಯಿರಲಿಲ್ಲ, ಪ್ರಾರ್ಥನೆಯ ಬದಲು ಚರ್ಚೆಯಿತ್ತು. ಹೆಸರಿಡದ ಅನ್ಯಾಯ ನಾಳೆ ಪದ್ಧತಿಯಾಗುತ್ತದೆ ಎಂದು ನಮ್ಮ ಮುಖ್ಯೋಪಾಧ್ಯಾಯಿನಿ ಪ್ರತಿದಿನ ಹೇಳುತ್ತಿದ್ದರು. ಉಳಿದ ಮಕ್ಕಳು ಅದನ್ನು ಪರೀಕ್ಷೆಯವರೆಗೆ ನೆನಪಿಟ್ಟುಕೊಂಡರು. ನಾನು ನಿವೃತ್ತಿಯ ನಂತರವೂ ಬಿಟ್ಟಿಲ್ಲ. ಡೊಂಬಿವಲಿಯ ರಿಕ್ಷಾದಲ್ಲಿ ಮೂವರ ಮೇಲೆ ನಾಲ್ಕನೆಯವನನ್ನು ಚಾಲಕನ ಪಕ್ಕದಲ್ಲಿ ಅರ್ಧ ಆಸನಕ್ಕೆ ಪೂರ್ತಿ ದುಡ್ಡು ತೆಗೆದುಕೊಂಡು ಕೂರಿಸುವುದಕ್ಕೆ ನಾನಿಟ್ಟ ಹೆಸರು 'ಅರ್ಧಾಸನ ಶೋಷಣೆ'. ಕಲ್ಯಾಣ ಸ್ಟೇಷನ್ನಿನಲ್ಲಿ ಲೋಟದ ಮೂರನೆಯ ಒಂದು ಭಾಗ ನೊರೆ ತುಂಬಿ ಚಹಾ ಎಂದು ಕೊಡುವುದು 'ಫೇನವಂಚನೆ'. ಹೀಗೆ ನಾಮಕರಣ ಮಾಡಿ, ಪತ್ರ ಬರೆದು, ನಕಲು ಪ್ರತಿಯನ್ನು ಕಡತದಲ್ಲಿಡುತ್ತೇನೆ. ಫೇನವಂಚನೆಯ ಪತ್ರದ ನಂತರ ಆ ಚಹಾದವನು ನನ್ನನ್ನು ಕಂಡೊಡನೆ ನೊರೆಯನ್ನು ಊದಿ ಹಾರಿಸಿ ಕೊಡತೊಡಗಿದ. ಆರೋಗ್ಯದೃಷ್ಟಿಯಿಂದ ಇದು ಇನ್ನೊಂದು ಪತ್ರಕ್ಕೆ ವಿಷಯವಾಯಿತು.

ಇಂಥ ನನ್ನನ್ನು ಜೊತೆಗೆ ಕರೆದುಕೊಂಡು ಕಾರು ಕೊಳ್ಳಲು ಹೊರಟದ್ದೇ ಅಕ್ಕ ಮಾಡಿದ ತಪ್ಪು.

ಅವಳಿಗೆ ಕಾರಿನ ಹುಚ್ಚೇನೂ ಇರಲಿಲ್ಲ. ಒಂದು ಭಾನುವಾರ ಘೋಡ್‌ಬಂದರ್ ರಸ್ತೆಯ ಮಾಲ್ ಒಂದರ ಅಂಗಳದಲ್ಲಿ ಅಮೆರಿಕದಿಂದ ಬಂದ ಕಾರೊಂದನ್ನು ಪ್ರದರ್ಶನಕ್ಕಿಟ್ಟಿದ್ದರು. ಮಸಲ್ ಕಾರ್ ಎಂದು ಅದರ ಕುಲನಾಮ. ಗರಡಿಮನೆಯಿಂದ ಈಗಷ್ಟೇ ಎದ್ದುಬಂದಂಥ ಭುಜ, ಮಾತಾಡಿಸಿದರೆ ಹೊಡೆದೇಬಿಡುವಂಥ ಮೋರೆ. ಅಲ್ಲಿದ್ದವರು ಎಂಜಿನ್ ಚಾಲೂ ಮಾಡಿದ ಕ್ಷಣ ಅಕ್ಕ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು.

"ಕೇಳಿದಿಯಾ ಮಾರಾಯ? ನಮ್ಮ ಹಳೇ ಗ್ರೈಂಡರ್! ಉದ್ದು ಅರ್ಧ ನುಣ್ಣಗಾಗುವಾಗ ಅದು ಹೀಗೇ ಕೂಗ್ತಿತ್ತು!"

ಭಾವ ತೀರಿಕೊಂಡ ಮೇಲೆ ಅವಳು ಹೋಟೆಲನ್ನು ಒಬ್ಬಳೇ ನಡೆಸಿದ ವರ್ಷಗಳಲ್ಲಿ, ಬೆಳಗಿನ ಜಾವ ಅವಳೊಂದಿಗೆ ಎದ್ದು ಮಾತಾಡುತ್ತಿದ್ದದ್ದು ಆ ಗ್ರೈಂಡರ್ ಒಂದೇ. ಅದು ಸುಟ್ಟುಹೋಗಿ, ಅದರ ಜಾಗಕ್ಕೆ ಬಂದ ಹೊಸ ಯಂತ್ರ ಸಭ್ಯಸ್ಥರ ಮನೆಯ ಸೊಸೆಯಂತೆ ಸದ್ದಿಲ್ಲದೆ ರುಬ್ಬುತ್ತದೆ. ಹಿಟ್ಟು ಚೆನ್ನಾಗಿದೆ, ಮಾತಿಲ್ಲ. ಕಲ್ಯಾಣದಲ್ಲಿದ್ದ ಎರಡನೆಯ ಹೋಟೆಲನ್ನು ಮಾರಿದ ಹಣ ಆಗಷ್ಟೇ ಕೈಸೇರಿತ್ತು. ಅವಳ ಮಗ ನಿಖಿಲ್, ಕನ್ನಡವನ್ನು ಪೂರ್ತಿ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರಿಸುವ ಠಾಣೆಯ ತಳಿ, ಈ ಹಣಕ್ಕೆ ಒಂದು ಮನೆಯೇ ಸಿಗುತ್ತದೆಂದು ಕೂಡಲೇ ಎಚ್ಚರಿಸಿದ: "ಅಮ್ಮಾ, ಇತ್ನೇ ಮೇ ಸಾನಪಾಡಾ ಮೇ ಫ್ಲ್ಯಾಟ್ ಆತಾ ಹೈ!"

"ಫ್ಲ್ಯಾಟ್ ಹೀಗೆ ಕೂಗ್ತದಾ?"

"ಪಡೋಸೀ ಚಿಲ್ಲಾತಾ ಹೈ ನಾ." ಕೂಗುವುದಕ್ಕೆ ನೆರೆಯವರಿದ್ದಾರಲ್ಲ ಎಂದು ಅವನ ವಾದ.

ಅಕ್ಕ ಆ ವಾರವೇ ಡ್ರೈವಿಂಗ್ ಕ್ಲಾಸಿಗೆ ಸೇರಿದಳು. ಮೂರನೆಯ ಪ್ರಯತ್ನಕ್ಕೆ ಲೈಸೆನ್ಸ್ ಬಂತು. ಸೀರೆಗೆ ಸೇಫ್ಟಿ ಪಿನ್ನು ಹಾಕಿಕೊಂಡು ನವಿ ಮುಂಬಯಿಯ ಷೋರೂಮಿಗೆ ಹೊರಟಳು. ಕಡತ ಹಿಡಿದುಕೊಂಡು ನಾನು.

ಷೋರೂಮಿನಲ್ಲಿ ಪರಾಗ್ ಎಂಬ ತರುಣ ನಮ್ಮನ್ನು ಬರಮಾಡಿಕೊಂಡ. ಕಂಪನಿ ಆ ಮಾದರಿಯನ್ನು ಬೆರಳೆಣಿಕೆಯಷ್ಟೇ ತಯಾರಿಸಿ ನಿಲ್ಲಿಸಿಬಿಟ್ಟಿದೆ, ಈ ಷೋರೂಮಿನ ಪಾಲಿಗೆ ಎರಡೇ ಎರಡು, ಒಂದು ಪ್ರದರ್ಶನಕ್ಕೆ ಇಲ್ಲೇ ನಿಂತಿದೆ, ನಿಮಗೆ ಕೊಡುವುದು ಇನ್ನು ಬರಬೇಕು, ಎಂದ. ನಿಂತಿದ್ದ ಕಾರಿನ ಮುಂಗಾಜಿನ ಮೇಲೆ ಬೆಲೆಯ ಚೀಟಿ. ನಲವತ್ತು ವರ್ಷ ಗೋಡೆಯ ಬೋರ್ಡಿನಲ್ಲಿ ಇಡ್ಲಿಯ ದರ ಬರೆದು ಅದೇ ದರಕ್ಕೆ ಇಡ್ಲಿ ಕೊಟ್ಟ ಅಕ್ಕನಿಗೆ, ಬರೆದ ಬೆಲೆಯೆಂಬುದು ಬೆಲೆಯೇ. ಅವಳು ಮುಂಗಡ ಕಟ್ಟಿ, ವಿತರಣೆಯ ದಿನ ಕೇಳಿ, ಡೊಂಬಿವಲಿಯ ಭಟ್ಟರಲ್ಲಿ ಮುಹೂರ್ತ ಇಡಿಸಿ, ಚಕ್ರಕ್ಕೊಂದರಂತೆ ನಾಲ್ಕು ನಿಂಬೆಹಣ್ಣು ತಂದು ಹಿಂದಿನ ದಿನವೇ ದೇವರ ಮುಂದಿಟ್ಟಳು.

ಮುಹೂರ್ತದ ದಿನ ಬೆಳಿಗ್ಗೆ ಪರಾಗನ ಫೋನು. "ಕಾಕೂ, ಗಾಡೀ ಜಹಾಜ್ ಮೇ ಹೈ. ಜಹಾಜ್ ಸಮುಂದರ್ ಮೇ ಹೈ."

"ಹಡಗು ಸಮುದ್ರದಲ್ಲಿ ಅಲ್ಲದೆ ಕಲ್ಯಾಣ ಸ್ಟೇಷನ್ನಿನಲ್ಲಿ ಇರ್ತದಾ?" ಎಂದು ಅಕ್ಕ ಕನ್ನಡದಲ್ಲೇ ಕೇಳಿದಳು. ಅವನಿಗೆ ಅರ್ಥವಾಗಲಿಲ್ಲ, ಆದರೂ ಕ್ಷಮೆ ಕೇಳಿದ.

ಇಲ್ಲೊಂದು ಧರ್ಮಸೂಕ್ಷ್ಮ ಹುಟ್ಟಿತು. ಕಾರಿನ ಹೆಸರಿನಲ್ಲಿ ದೇವರ ಮುಂದಿಟ್ಟ ನಿಂಬೆಹಣ್ಣನ್ನು ಹೋಟೆಲಿನ ಶರಬತ್ತಿಗೆ ಹಿಂಡಬಹುದೇ? ನಿಖಿಲ್ ಹಿಂಡಬಹುದೆಂದ, ಭಟ್ಟರು ಫೋನಿನಲ್ಲಿ ಅಡ್ಡಿಯಿಲ್ಲವೆಂದರು. ಅಕ್ಕ ಒಪ್ಪಲಿಲ್ಲ. ಚಕ್ರಕ್ಕೆಂದು ಮುಡಿಪಿಟ್ಟದ್ದನ್ನು ಗಿರಾಕಿಗೆ ಮಾರುವುದು ಚಕ್ರಕ್ಕೂ ಮೋಸ, ಗಿರಾಕಿಗೂ ಮೋಸ. ಎಸೆಯುವುದಂತೂ ಪಾಪವೇ. ಕೊನೆಗೆ ಉಪ್ಪು ಬೆರೆಸಿ ಗಾಜಿನ ಭರಣಿಗೆ ಹಾಕಿದಳು, ಮನೆಮಂದಿಗಷ್ಟೇ.

ಎರಡನೆಯ ಮುಹೂರ್ತಕ್ಕೆ ಕಾರು ದಡ ಸೇರಿತ್ತು, ಆದರೆ ಜೊತೆಗೆ 'ಹ್ಯಾಂಡ್ಲಿಂಗ್ ಚಾರ್ಜ್' ಎಂಬುದೂ ಇಳಿದಿತ್ತು. ಅವರ ಗೋದಾಮಿನಿಂದ ಅವರ ಷೋರೂಮಿಗೆ ಅವರೇ ತಂದದ್ದಕ್ಕೆ ನಾವು ಕೊಡಬೇಕಾದ ಕೂಲಿ. ನಾನು ಅದಕ್ಕೆ 'ಸ್ಪರ್ಶಶುಲ್ಕ' ಎಂದು ಹೆಸರಿಟ್ಟು ಮೂರು ಪುಟದ ಪತ್ರ ಬರೆದೆ; ಆ ಸಲದ ನಾಲ್ಕು ನಿಂಬೆಹಣ್ಣುಗಳೂ ಭರಣಿ ಸೇರಿದವು. ಸ್ಪರ್ಶಶುಲ್ಕವನ್ನು ಅವರು ಕೈಬಿಟ್ಟರು. ಮೂರನೆಯ ಮುಹೂರ್ತದ ಬೆಳಿಗ್ಗೆ ಅದರ ಇಮ್ಮಡಿ ಬೆಲೆಯ 'ಕಡ್ಡಾಯ ಕಿಟ್' ಬಂತು. ಕಾಲೊರಸು, ಛತ್ರಿ, ಅತ್ತರಿನ ಬಾಟಲಿ, ಡ್ಯಾಷ್‌ಬೋರ್ಡಿಗೆ ಅಂಟಿಸುವ ಗಣಪತಿ. ವಿಘ್ನೇಶ್ವರನನ್ನೇ ವಿಘ್ನವಾಗಿ ಬಳಸಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಅಂದು ಅಕ್ಕ ಸೋತಿದ್ದಳು. ಪರ್ಸಿನ ಜಿಪ್ಪಿಗೆ ಕೈ ಹಾಕಿ, "ಕೊಟ್ಟುಬಿಡುವಾ ಮಾರಾಯ. ಗಣಪತಿ ಅಲ್ವಾ," ಎಂದಳು. ನಿಖಿಲ್ ಕೂಡ, "ಮಾಮಾ, ಛೋಡ್ ದೋ ನಾ," ಎಂದು ಬೇಡಿಕೊಂಡ. ನಾನು ಬಿಡಲಿಲ್ಲ. ಇಂದು ನಾವು ಛತ್ರಿಗೆ ಮಣಿದರೆ ನಾಳೆ ಇಡೀ ಸಮಾಜ ನೆನೆಯುತ್ತದೆ ಎಂಬರ್ಥದ ಮಾತೊಂದನ್ನು ಗಟ್ಟಿಯಾಗಿ ಆಡಿದೆ. ಆಗ ಅದು ಬಹಳ ಚೆನ್ನಾಗಿ ಕೇಳಿಸಿತ್ತು. ನಾನು ಆ ಮಾತಿನ ಎರಡನೆಯ ಭಾಗದಲ್ಲಿದ್ದಾಗಲೇ ರಬಾಳೆಯ ಕಾರ್ಖಾನೆಯ ಮಾಲೀಕರೊಬ್ಬರು ಒಳಗೆ ಬಂದು, ಚೀಟಿಯನ್ನು ನೋಡದೆ, ಕೇಳಿದಷ್ಟಕ್ಕೆ ಹೂಂ ಎಂದು, ಅಕ್ಕನ ಕಾರನ್ನು ತಮ್ಮದಾಗಿಸಿಕೊಂಡರು. ಅವರ ಸೊಸೈಟಿಯ ಗೇಟಿನ ಉಬ್ಬು ದಾಟಲಾರದೆ ಅದೀಗ ಕಾರ್ಖಾನೆಯಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತಿದೆಯಂತೆ. ನಮ್ಮ ಮುಂಗಡವನ್ನು ಎರಡನೆಯ ಕಾರಿಗೆ ವರ್ಗಾಯಿಸಲಾಯಿತು. ಆ ಸಂಜೆ ಅಕ್ಕ ಇನ್ನೂ ನಾಲ್ಕು ನಿಂಬೆಹಣ್ಣು ಹೆಚ್ಚಿದಳು. ಹೆಚ್ಚುವ ಸದ್ದು ಎಂದಿಗಿಂತ ಸ್ವಲ್ಪ ಜೋರಾಗಿತ್ತು.

ಪಶ್ಚಾತ್ತಾಪವು ನನ್ನನ್ನು ಸತ್ಯಾಗ್ರಹಕ್ಕೆ ದೂಡಿತು. ಷೋರೂಮಿನ ಚರ್ಮದ ಸೋಫಾದ ಮೇಲೆ, "ಚೀಟಿಯ ಬೆಲೆಗೂ ಕೇಳುವ ಬೆಲೆಗೂ ಒಂದು ರೂಪಾಯಿಯ ಅಂತರವೂ ಇರಕೂಡದು" ಎಂದು ಮೂರು ಭಾಷೆಗಳಲ್ಲಿ ಬರೆದ ಫಲಕ ಹಿಡಿದು, ಸತತ ಐದು ದಿನ ಕೂತೆ. ದಮನವನ್ನು ನಿರೀಕ್ಷಿಸಿದ್ದೆ, ಅವರು ಗಂಟೆಗೊಮ್ಮೆ ಕಾಫಿ ಕೊಟ್ಟರು. ಬಿಸ್ಕತ್ತನ್ನು ತಾತ್ತ್ವಿಕ ಕಾರಣಗಳಿಗಾಗಿ ಮೊದಲ ದಿನ ನಿರಾಕರಿಸಿದೆ. ಏಸಿಯ ಗಾಳಿ ನೇರ ನೆತ್ತಿಗೆ ಬಡಿಯುತ್ತಿತ್ತು. ಐದನೆಯ ದಿನ ನಾನು ಫಲಕದ ಹಿಂದೆ ಎಡೆಬಿಡದೆ ಸೀನತೊಡಗಿದಾಗ ಇತರ ಗ್ರಾಹಕರು ಬೇರೆ ಸೋಫಾಗಳಿಗೆ ಸರಿದರು. ಆಗಲೇ ಮ್ಯಾನೇಜರ್ ಸಾಹೇಬರು ಸಂಧಾನಕ್ಕೆ ಒಪ್ಪಿ, ನಮ್ಮ ಹೋಟೆಲಿಗೇ ಊಟಕ್ಕೆ ಬರುವುದಾಗಿ ಹೇಳಿದರು.

ಬಂದರು, ಚೆನ್ನಾಗಿ ಉಂಡರು. ಗ್ರಾಹಕರಿಂದ ಏನನ್ನೂ ಬಿಟ್ಟಿ ಪಡೆಯಕೂಡದೆಂಬ ನಿಯಮ ಅವರ ಕಂಪನಿಯಲ್ಲಿದೆಯೆಂದು ಹೇಳಿ ಬಿಲ್ಲು ತರಿಸಿಕೊಂಡರು. ಅದನ್ನು ನಿಧಾನವಾಗಿ ಓದಿ, ನೀರಿನ ಬಾಟಲಿಯನ್ನು ತಿರುಗಿಸಿ ಅದರ ಮೇಲಿನ ಮುದ್ರಿತ ಬೆಲೆಯನ್ನೂ ಓದಿ, ಗಲ್ಲೆಯಲ್ಲಿ ಕೂತಿದ್ದ ನಿಖಿಲನನ್ನು ಈ ಎರಡು ರೂಪಾಯಿ ಹೆಚ್ಚು ಏತಕ್ಕೆಂದು ವಿನಯದಿಂದ ಕೇಳಿದರು: "ಯೇ ದೋ ರುಪಯೇ ಜ್ಯಾದಾ ಕಿಸ್ ಬಾತ್ ಕೇ?"

"ಕೂಲಿಂಗ್ ಚಾರ್ಜ್, ಸಾಹೇಬ್. ಫ್ರಿಜ್ ಮೇ ರಖ್ತೇ ಹೈ ನಾ."

"ಅಚ್ಛಾ," ಎಂದರು ಮ್ಯಾನೇಜರ್ ಸಾಹೇಬರು. "ಗಾಡೀ ಭೀ ಹಮ್ ಏಸೀ ಮೇ ರಖ್ತೇ ಹೈ."

ಓದುಗ ಮಿತ್ರರೇ, ಡೊಂಬಿವಲಿಯಿಂದ ಕಲ್ಯಾಣದವರೆಗಿನ ಅನ್ಯಾಯಗಳಿಗೆಲ್ಲ ಹೆಸರಿಟ್ಟ ನಾನು, ವರ್ಷಗಟ್ಟಲೆ ಪ್ರತಿ ಭಾನುವಾರ ಆ ಗಲ್ಲೆಯ ಪಕ್ಕದಲ್ಲೇ ಕೂತು ಅದೇ ತಣ್ಣನೆಯ ಬಾಟಲಿಯಿಂದ ಧರ್ಮಾರ್ಥ ನೀರು ಕುಡಿದಿದ್ದೆ. ನನಗೆ ಒಂದು ಸೀನು ಬಂತು. ಅಷ್ಟೇ ನನ್ನ ಪ್ರತ್ಯುತ್ತರ.

ಅಕ್ಕ ಮಗನ ಕಡೆ ತಿರುಗಿದಳು. "ಯಾವಾಗಿಂದ ತೆಗೀತಿದ್ದೀ ಇದು?"

"ಅಮ್ಮಾ, ಸಬ್ ಲೇತೇ ಹೈ!"

"ಎಲ್ಲರೂ ತೆಗೀಲಿ. ನನ್ನ ಬೋರ್ಡಿನಲ್ಲಿ ಉಂಟಾ ಅದು?" ಎಂದವಳೇ ಗಲ್ಲೆಯಿಂದ ಎರಡು ರೂಪಾಯಿಯ ನಾಣ್ಯ ತೆಗೆದು ಅತಿಥಿಯ ಮುಂದಿಟ್ಟಳು. ಇನ್ನು ಮೇಲೆ ಬಾಟಲಿಯ ಮೇಲೆ ಬರೆದಷ್ಟೇ ತೆಗೆದುಕೊಳ್ಳಬೇಕೆಂದು ಅಡುಗೆಮನೆಯವರೆಗೂ ಕೇಳುವಂತೆ ಹೇಳಿ, ತನ್ನ ಉಡುಪಿ ಶೈಲಿಯ ಹಿಂದಿಯಲ್ಲಿ ಮುಗಿಸಿದಳು: "ಸಾಹೇಬ್, ಹಮ್ ಹಮಾರಾ ಠೀಕ್ ಕಿಯಾ. ಅಬ್ ತುಮ್ ತುಮಾರಾ ಠೀಕ್ ಕರೋ."

ಸಾಹೇಬರು ಎದ್ದು ಕೈಮುಗಿದರು. ಸೋಮವಾರದೊಳಗೆ ಚೀಟಿಯ ಬೆಲೆಯೂ ಕೇಳುವ ಬೆಲೆಯೂ ಒಂದೇ ಆಗಿರುತ್ತದೆ, ನನ್ನ ಫಲಕದಲ್ಲಿ ಬರೆದ ಹಾಗೆಯೇ, ಒಂದು ರೂಪಾಯಿಯೂ ವ್ಯತ್ಯಾಸವಿರದು ಎಂದು ಮಾತು ಕೊಟ್ಟರು. ನನ್ನ ಕಣ್ಣು ತೇವವಾಯಿತು, ನೆಗಡಿಯಿಂದ ಮಾತ್ರವಲ್ಲ. ಭಟ್ಟರು ಸೋಮವಾರಕ್ಕೇ ಮುಹೂರ್ತ ಕೊಟ್ಟರು. ನಾಲ್ಕು ನಿಂಬೆಹಣ್ಣು ಮತ್ತೆ ದೇವರ ಮುಂದೆ ಕೂತವು.

ಸಾಹೇಬರು ಮಾತು ಉಳಿಸಿಕೊಂಡರು. ಸೋಮವಾರ ಆ ಕೆಂಪು ಕಾರಿನ ಗಾಜಿನ ಮೇಲೆ ಹೊಸ ಚೀಟಿಯಿತ್ತು. ಸ್ಪರ್ಶಶುಲ್ಕ, ಛತ್ರಿ, ಅತ್ತರು, ಗಣಪತಿ, ಉಳಿದದ್ದು ಒಂದೇ ಕಾರೆಂಬ ಪ್ರೀಮಿಯಂ ಎಲ್ಲವನ್ನೂ ಕೂಡಿಸಿ ಅಚ್ಚುಕಟ್ಟಾಗಿ ಮುದ್ರಿಸಿದ ಹೊಸ ಬೆಲೆ. ಅಂತರ ಒಂದು ರೂಪಾಯಿಯೂ ಇರಲಿಲ್ಲ. ನಾನು ಮೂರು ಭಾಷೆಗಳಲ್ಲಿ ಕೇಳಿದ್ದನ್ನು ಅವರು ನಾಲ್ಕನೆಯದಾದ ಗಣಿತದಲ್ಲಿ ಕೊಟ್ಟಿದ್ದರು. ನನ್ನ ಜೀವಮಾನದಲ್ಲಿ ಅಕ್ಷರಶಃ ಈಡೇರಿದ ಮೊದಲ ಬೇಡಿಕೆ ಅದು.

ಅಕ್ಕ ಚೀಟಿಯನ್ನು ಎರಡು ಸಲ ಓದಿದಳು. ಆಮೇಲೆ ಪರಾಗನಿಗೆ, "ಒಂದು ಸಲ ಚಾಲೂ ಮಾಡು ಮಗಾ," ಎಂದಳು. ಈ ಕನ್ನಡ ಅವನಿಗೆ ಅರ್ಥವಾಯಿತು. ಎಂಜಿನ್ ಗುಡುಗಿದಷ್ಟು ಹೊತ್ತು ಅವಳು ಬಾನೆಟ್ಟಿನ ಮೇಲೆ ಅಂಗೈಯೂರಿ, ಉದ್ದು ನುಣ್ಣಗಾಗಲು ಇನ್ನೆಷ್ಟು ಹೊತ್ತೆಂದು ಅಂದಾಜಿಸುವವಳಂತೆ, ಕಣ್ಣುಮುಚ್ಚಿ ನಿಂತಳು. ನಾವು ಹೊರಟಾಗ ಪರಾಗ್ ಗೇಟಿನವರೆಗೆ ಬಂದು, ತಾನೇ ಜೋಪಾನವಾಗಿ ಬಿಡಿಸಿಟ್ಟಿದ್ದ ಹಳೆಯ ಚೀಟಿಯನ್ನು ಪ್ಲಾಸ್ಟಿಕ್ ಹಾಳೆಯ ಮೇಲಿಟ್ಟು ಅವಳ ಕೈಗೆ ಕೊಟ್ಟ. "ಕಾಕೂ, ಯೇ ಆಪ್ ಕಾ ಹೈ."

ಹಿಂದಿರುಗುವ ದಾರಿಯಲ್ಲಿ ಐರೋಲಿ ಸೇತುವೆಯ ಮೇಲೆ ಧೈರ್ಯ ತಂದುಕೊಂಡು, ಎಲ್ಲವೂ ನನ್ನ ಪತ್ರಗಳಿಂದಲೇ ಕೆಟ್ಟಿತಲ್ಲವೇ ಎಂದು ಕೇಳಿದೆ. "ನಿನ್ನ ಕಾಗದ ಚೆನ್ನಾಗಿಯೇ ಇತ್ತು ಮಾರಾಯ," ಎಂದಳು ಅಕ್ಕ. "ಅವರು ಓದಿದ್ದೇ ತಪ್ಪಾಯ್ತು."

ಅಂದೇ ಸಂಜೆ ಹದಿಮೂರರಿಂದ ಹದಿನಾರನೆಯವರೆಗಿನ ನಿಂಬೆಹಣ್ಣುಗಳು ಭರಣಿ ಸೇರಿದವು. ಅದರ ಮೇಲೆ ಚೀಟಿ ಅಂಟಿತು. ಬರೆದ ಬೆಲೆಯನ್ನು ಕಾಯುವುದು ಬರೆದವರಿಗೆ ಆಗದಿದ್ದಾಗ ಉಪ್ಪಿನಕಾಯಿಯಾದರೂ ಕಾಯಲಿ ಎಂಬುದು ಅವಳ ಅಭಿಪ್ರಾಯ. ನಾನು ಕಲಿತದ್ದು ಇನ್ನೂ ಚಿಕ್ಕದು: ಅನ್ಯಾಯಕ್ಕೆ ಹೆಸರಿಡುವ ಮೊದಲು ಕುಡಿಯುತ್ತಿರುವ ಲೋಟವನ್ನು ಒಮ್ಮೆ ಕೆಳಗಿಡಬೇಕು. ಎರಡನೆಯ ಕಾರು ಹೊಸ ಬೆಲೆ ಹೊತ್ತು ಈಗಲೂ ಅಲ್ಲೇ, ತಂಪಾಗಿ, ನಿಂತಿದೆ. ಅಕ್ಕ ಮುಂಗಡ ವಾಪಸು ಕೇಳಿಲ್ಲ. ಇತ್ತೀಚೆಗೆ ಭರಣಿಯನ್ನು ತೊಳೆಯುವಾಗ ಚೀಟಿಯ ಅಂಚು ನೆನೆಯದಂತೆ ಅಂಗೈ ಅಡ್ಡ ಹಿಡಿಯುವುದನ್ನು ಕಂಡೆ.

ಆದ್ದರಿಂದ, ಮ್ಯಾನೇಜರ್ ಸಾಹೇಬರೇ, ಇದು ಪತ್ರವಲ್ಲ, ನಕಲು ಪ್ರತಿಯೂ ಇಲ್ಲ, ಬೇಡಿಕೆ ಒಂದೇ. ಬರುವ ಸೋಮವಾರ ನೌಪಾಡಾಕ್ಕೆ ಬನ್ನಿ. ಭರಣಿಯ ಮೇಲಿನ ಚೀಟಿಯನ್ನು ನಿಮ್ಮ ಕೈಯಾರೆ ಬಿಡಿಸಿ, ಆ ಕೆಂಪು ಕಾರಿನ ಗಾಜಿಗೆ ಮರಳಿ ಅಂಟಿಸಿ, ಅದರಲ್ಲಿ ಬರೆದಷ್ಟೇ ತೆಗೆದುಕೊಂಡು ನನ್ನ ಅಕ್ಕನಿಗೆ ಕಾರು ಕೊಡಿ. ಛತ್ರಿ ಬೇಡ, ಈ ಸಲದ ನಾಲ್ಕು ನಿಂಬೆಹಣ್ಣು ಮಾತ್ರ ನೀವೇ ತರತಕ್ಕದ್ದು. ಊಟಕ್ಕೆ ಬಿಲ್ಲು ಕೊಡುತ್ತೇವೆ. ನೀರಿನ ಬಾಟಲಿಗೆ ಅದರ ಮೇಲೆ ಬರೆದಷ್ಟೇ, ತಣ್ಣಗೇ ಇರುತ್ತದೆ.