ಅಪ್ಪಾಜಿಗೆ ಮೆಟ್ಟಿಕೊಂಡ ಭಾಮಿನಿ

ಬಸವೇಶ್ವರನಗರದಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ಗಿರಿಜಾದೇವಿ ಸುಲಭಕ್ಕೆ ಹೆದರುವ ಹೆಂಗಸಲ್ಲ. ಡಾಕ್ಟರ ಚೀಟಿಯಿಲ್ಲದೆ ನಿದ್ದೆ ಮಾತ್ರೆ ಕೇಳಿಕೊಂಡು ಬರುವ ಗಟ್ಟಿ ಆಳುಗಳನ್ನೂ ಕನ್ನಡಕದ ಮೇಲಿಂದ ಒಮ್ಮೆ ನೋಡಿ ಸಾಗಹಾಕುತ್ತಾರೆ. ಅಂಥವರು ಹೈಸ್ಕೂಲಿನಲ್ಲಿದ್ದಾಗ ದೆವ್ವದ ಕಾದಂಬರಿ ಎಂದರೆ ಪ್ರಾಣ ಬಿಡುತ್ತಿದ್ದರು. ರಾಜಾಜಿನಗರದ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು, ಸಮಾಜ ಪಾಠದ ಪುಸ್ತಕದೊಳಗಿಟ್ಟು ಓದುವುದು. ಆಮೇಲೆ ಬಚ್ಚಲಿಗೆ ಹೋಗಲೂ ಅಮ್ಮನನ್ನು ಕರೆಯುವುದು. ಒಂದು ದಿನ ತಂದೆ ಚನ್ನಮಲ್ಲಪ್ಪನವರು ‘ಬಾವಿಕಟ್ಟೆಯ ಭಾಮಿನಿ’ಯನ್ನು ಕೈಯಿಂದ ಕಿತ್ತು ಬಚ್ಚಲ ಒಲೆಗೆ ಹಾಕಿದರು. ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು. ಅವರ ಮನೆಯಲ್ಲಿ ದೆವ್ವಕ್ಕೆ ಜಾಗವಿರಲಿಲ್ಲ.

ಹೋದ ತಿಂಗಳು ವಿಜಯನಗರದ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ ಅದೇ ಭಾಮಿನಿ ಸಿಕ್ಕಳು. ಮುಖಪುಟದಲ್ಲಿ ಅದೇ ಬಿಳಿ ಸೀರೆ, ಅದೇ ಕೆಂಪು ಕಣ್ಣು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಗಿರಿಜಾದೇವಿ ಕೌಂಟರಿನ ಹಿಂದೆ ಓದಲು ಕೂತರು. ಹೆದರಿಕೆ ಮಾತ್ರ ಬರಲೊಲ್ಲದು. ನಾಯಕಿ ಮಾಲಿನಿ ಪುಟಕ್ಕೊಂದು ಸಲ ಕಿಟಾರನೆ ಕಿರುಚುತ್ತಿದ್ದಳು. ತೆಗೆಯಬೇಡವೆಂದ ಬಾಗಿಲನ್ನೇ ಹುಡುಕಿಕೊಂಡು ಹೋಗಿ ತೆಗೆಯುತ್ತಿದ್ದಳು. ದೆವ್ವವೋ, ಸತ್ತ ಮೇಲೂ ಸೀರೆಯ ನೆರಿಗೆ ಕೆಡದಂತೆ ಓಡಾಡುತ್ತಿತ್ತು.

“ಇದಕ್ಕಾ ಅಮ್ಮ ನೀನು ಅಷ್ಟೊಂದು ಹೆದರ್ತಿದ್ದಿದ್ದು?” ಎಂದು ಮಗಳು ಶರಣ್ಯಾ ಸಂಜೆ ಬಿದ್ದು ಬಿದ್ದು ನಕ್ಕಳು. ಗಿರಿಜಾದೇವಿಯೂ ನಕ್ಕರು, ಆದರೆ ಒಳಗೊಳಗೇ ಪಿಚ್ಚೆನಿಸಿತು. ಪುಸ್ತಕ ಟೀಪಾಯಿಯ ಮೇಲೆ ಉಳಿಯಿತು.

ಮರುದಿನ ಅದು ಚನ್ನಮಲ್ಲಪ್ಪನವರ ಕೈಗೆ ಬಂತು. ಹೆಂಡತಿ ತೀರಿಕೊಂಡ ಮೇಲೆ ಅವರು ಮಗಳ ಜೊತೆಗೇ ಇದ್ದಾರೆ. “ಎಂಥಾ ಕಸ ಬರೆದಿದಾನೆ ನೋಡೋಣ” ಎಂದು ಭೂತವನ್ನು ನೋಡಲು ಭೂತಗನ್ನಡಿ ಹಿಡಿದು ಕೂತರು. ಗಿರಿಜಾದೇವಿ ಊಟಕ್ಕೆ ಬಂದಾಗ ತಟ್ಟೆಯಲ್ಲಿ ರೊಟ್ಟಿ ಆರಿಹೋಗಿತ್ತು.

“ಅಪ್ಪಾಜಿ, ಊಟ?”

“ಶ್! ಮಾಲಿನಿ ಬಾವಿ ಹತ್ರ ಹೋಗ್ತಾ ಇದಾಳೆ. ಹೋಗ್ಬಾರ್ದು ಕಣೇ ಅವಳು.”

“ದೆವ್ವ ಇಲ್ಲ ಅಂತಿದ್ರಿ?”

“ಇಲ್ಲ. ಆದ್ರೆ ಇವಳಿಗೆ ಅದು ಗೊತ್ತಿಲ್ವಲ್ಲ!”

ಸಂಜೆಗೆ ಪುಸ್ತಕ ಮುಗಿಯಿತು, ಕಥೆ ಮುಗಿಯಲಿಲ್ಲ. ಮಾಲಿನಿ ಬಾವಿಗೆ ಬಗ್ಗಿ ‘ಯಾರು?’ ಎಂದು ಕೂಗುತ್ತಾಳೆ. ಉತ್ತರ ಎರಡನೇ ಭಾಗದಲ್ಲಿ. ಅಪ್ಪಾಜಿ ಮಂಕಾದರು. ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು, ಮಗಳು ಮೊಮ್ಮಗಳನ್ನು ಹೊರಡಿಸಿಕೊಂಡು, ಮೆಜೆಸ್ಟಿಕ್ ಕಡೆ ಹಳೇ ಪುಸ್ತಕ ಮಾರುವವರನ್ನೆಲ್ಲ ವಿಚಾರಿಸಿದರು. ಎಲ್ಲೂ ಇಲ್ಲ.

“ಬರ್ದೇ ಇಲ್ವೇನೋ ಸಾರ್” ಎಂದ ಒಬ್ಬ ಅಂಗಡಿಯವ.

ವಾಪಸು ಬರುವಾಗ ಮೆಟ್ರೋದಲ್ಲಿ ಅಪ್ಪಾಜಿ “ಬರೀದಿದ್ರೆ ಏನಂತೆ, ನಾನು ಹೇಳ್ತೀನಿ ಕೇಳಿ” ಎಂದರು. ಮೊದಲು ಪ್ರತಿಧ್ವನಿಯ ಪಾಠ ಬಂತು. ಶರಣ್ಯಾ ಆಕಳಿಸಿದಳು.

“ಮಾಲಿನಿ ‘ಯಾರು?’ ಅಂದ್ಲು. ಬಾವಿಯಿಂದ ‘ಯಾರು?’ ಅಂತ ವಾಪಸ್ ಬಂತು. ಎಕೋ ಅಷ್ಟೆ, ಅಂದ್ಕೊಂಡ್ಲು. ಇನ್ನೊಂದ್ ಸಲ ಕೂಗೋಕೆ ಬಾಯಿ ತೆಗೆದ್ಲು.” ಅಪ್ಪಾಜಿ ದನಿ ತಗ್ಗಿಸಿದರು. “ಅವಳು ಕೂಗೋಕೆ ಮುಂಚೇನೇ ‘ಯಾರು?’ ಅಂತ ಬಂತು.”

ಗಿರಿಜಾದೇವಿಯ ಮೈಯ ರೋಮ ನಿಮಿರಿದವು. ಶರಣ್ಯಾ ಅಮ್ಮನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ಕಥೆ ಕೇಳುತ್ತ ಕೂತಿದ್ದ ಹೆಂಗಸಿಗೆ ಆಗಲೇ ಎಚ್ಚರವಾಯಿತು.

“ಅಯ್ಯೋ, ಮಾಗಡಿ ರೋಡ್ ಹೋಗೇಬಿಡ್ತಲ್ಲ! ಇರ್ಲಿ ಬಿಡಿ, ಆಮೇಲೇನಾಯ್ತು ತಾತ?”

ಹೊಸಹಳ್ಳಿಯಲ್ಲಿ ಇಳಿಯಬೇಕಿದ್ದ ಇವರು ಮೂವರೂ ಏಳಲಿಲ್ಲ. ಭಾಮಿನಿ ಬಾವಿಯಿಂದ ಮೇಲೆ ಬರುವ ಹೊತ್ತಿಗೆ ಕೆಂಗೇರಿ ಬಂದಿತ್ತು.